ಹಿಂದಿನ ಒಡತಿಯ ಹೆಸರು

"ಹೊಸ ಮಾಲು ಮೇಡಂ, ಯಾರೂ ಬಳಸಿಲ್ಲ," ಎಂದ ಚಿಪ್ ಅಂಗಡಿಯ ತಿಮ್ಮರಾಯಿ.

ವನಮಾಲಾ ನಂಬಲಿಲ್ಲ. ಆಸ್ಪತ್ರೆಯ ಉಸಿರಾಟದ ಯಂತ್ರಗಳನ್ನು ಅವಳು ಪರೀಕ್ಷಿಸುವ ಹಳೆಯ ಅಳತೆ ಮಿಷಿನ್ನು ಆಸಿಲೋಸ್ಕೋಪಿಗೆ ಈ ವರ್ಷ ಇದು ಮೂರನೆಯ ಮೆಮೊರಿ ಚಿಪ್. ಹಿಂದಿನೆರಡೂ ತಪ್ಪು ಅಂಕಿ ತೋರಿಸಿದ್ದವು. ಹಳೆಯದರ ಮೇಲೆ ಹೊಸ ನಂಬರ್ ಬಳಿದಿದ್ದಾರೇನೋ ಎಂದು ಥಿನ್ನರ್ ಹಚ್ಚಿ ಉಜ್ಜಿದಳು. ನಂಬರ್ ಅಳಿಯಲಿಲ್ಲ.

"ಟೆಸ್ಟರ್‌ಗೆ ಹಾಕಿ, ನೋಡೋಣ."

ಹೊಸ ಚಿಪ್ಪಾದರೆ ಸುಮ್ಮನಿರುತ್ತದೆ, ಬಳಸಿದ್ದಾದರೆ ಹಿಂದಿನ ಒಡೆಯರ ಹೆಸರು ಹೇಳುತ್ತದೆ. ಗಿರಾಕಿಗಳೆಲ್ಲ ಹಾಗೇ ನೋಡಿ ಕೊಳ್ಳುವುದು.

ಚಿಪ್ ಮಾತಾಡಿತು. "ವನಮಾಲಾ ಮೇಡಂ, ಚೆನ್ನಾಗಿದ್ದೀರಾ? ಯುಗಾದಿಗೆ ಮುಂಚೆ ನನ್ನನ್ನ ಗುಜರಿಗೆ ಹಾಕಿದ್ರಿ. ಕೆಟ್ಟಿದ್ದು ನಾನಲ್ಲ, ನಿಮ್ಮ ಮಿಷಿನ್ನಲ್ಲಿ ನನ್ನನ್ನ ಕೂರಿಸಿದ್ದ ಸಾಕೆಟ್ಟು."

ತಿಮ್ಮರಾಯಿ ಬೈಗುಳಕ್ಕೆ ಕಾಯುತ್ತ ತಲೆತಗ್ಗಿಸಿದ. ವನಮಾಲಾ ಅವನತ್ತ ನೋಡಲೇ ಇಲ್ಲ. ಯುಗಾದಿಯಿಂದೀಚೆಗೆ ಆ ಕೆಟ್ಟ ಮಿಷಿನ್ನಿನ ಅಂಕಿ ನಂಬಿ ಸರಿಯಿದೆಯೆಂದು ತಾನು ಸಹಿ ಹಾಕಿದ ಉಸಿರಾಟದ ಯಂತ್ರಗಳನ್ನು ನೆನೆಯುತ್ತ ಆಸ್ಪತ್ರೆಗೆ ಫೋನ್ ಹಚ್ಚಿದಳು.