ಎರ್ಲಿಂಡಾ ಹೇಳಿದ ಹೆಸರು

ಟಿವಿಯಲ್ಲಿ ಮಗಳ ಮುಖ ಮೂಡಿದ್ದೇ ತಡ, ಅನ್ಸೆಲ್ಮೊನ ಮನೆಯಲ್ಲಿ ಕಿಕ್ಕಿರಿದಿದ್ದ ನೆರೆಹೊರೆಯವರೆಲ್ಲ ಗಪ್‌ಚಿಪ್ಪಾದರು. ಸ್ಯಾನ್ ಆಂಟೋನಿಯೊದಲ್ಲಿ ಹೊಸದಾಗಿ ಶುರುವಾದ ಸ್ಪ್ಯಾನಿಷ್ ಟಿವಿ ಕೇಂದ್ರದ ಮೊದಲ ವಾರ್ತೆ ಅದು; ಓದುವವಳು ಅವಳೇ.

"ಯಾವ ಹೆಸ್ರು ಹೇಳ್ತಾಳೋ ಏನೋ," ಹೆಂಡತಿ ಚೋನಾ ಪಿಸುಗುಟ್ಟಿದಳು. ಇಂಗ್ಲಿಷ್ ಬಿಟ್ಟು ಬೇರೇನೂ ನಡೆಯದ ಶಾಲೆಯಲ್ಲಿ ಮನೆಮಾತು ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಮಗಳು ಏಟು ತಿಂದಿದ್ದಳು. ಟೀಚರು ತಮ್ಮ ಬಾಯಿಗೆ ಸುಲಭವಾಗಲೆಂದು ಅವಳ ಹೆಸರನ್ನೇ ಕತ್ತರಿಸಿ 'ಲಿಂಡಾ' ಮಾಡಿದ್ದರು.

"ನಮಸ್ಕಾರ. ನಾನು ಎರ್ಲಿಂಡಾ ವಿಯಾರ್ರೆಯಾಲ್," ಎಂದಳು ಅವಳು, ಅಜ್ಜಿ ಕೂಗುತ್ತಿದ್ದ ಹಾಗೆಯೇ, ರಕಾರವನ್ನು ನಾಲಿಗೆಯ ಮೇಲೆ ಚೆನ್ನಾಗಿ ಉರುಳಿಸಿ.

"ಅನ್ಸೆಲ್ಮಣ್ಣಾ, ಕೂತ್ಕೊ ಮಾರಾಯಾ, ಏನೂ ಕಾಣ್ತಿಲ್ಲ!" ಹಿಂದಿನಿಂದ ಯಾರೋ ಕೂಗಿದರು. ತಾನು ಎದ್ದು ನಿಂತಿದ್ದೇನೆಂದು ಅನ್ಸೆಲ್ಮೊನಿಗೆ ಗೊತ್ತಾದದ್ದೇ ಆಗ. ಅವನು ಟೋಪಿ ತೆಗೆದು ಎದೆಗೊತ್ತಿಕೊಂಡ. ವಾರ್ತೆ ಮುಗಿಯುವ ತನಕ ಕೂರಲಿಲ್ಲ.