ಕಾಲುದೆಸೆಯಲ್ಲಿ ನಿಂತವಳು

“ನಮ್ಮಣ್ಣ ಅಲ್ಲಿ ಸಾಯ್ತಾ ಇದ್ದಾನೆ, ಈಯಮ್ಮ ನೋಡಿದ್ರೆ ಕೈ ಹಿಂದೆ ಕಟ್ಕೊಂಡು ನಿಂತಿದ್ದಾಳಲ್ಲ!” ದರ್ಜಿಯ ತಂಗಿ ಪರದೆ ಸರಿಸಿ ಕೂಗಿದಳು.

ಕೂಗಿದ್ದರಲ್ಲಿ ತಪ್ಪೇನಿಲ್ಲ. ತುರ್ತು ಚಿಕಿತ್ಸಾ ಕೊಠಡಿಯ ಮೊದಲ ಹಾಸಿಗೆಯ ಮೇಲೆ ಅವಳ ಅಣ್ಣನ ಹೃದಯ ನಿಂತುಹೋಗಿತ್ತು. ದೊಡ್ಡ ಡಾಕ್ಟರು ಎದೆ ಒತ್ತುತ್ತಿದ್ದರು. ಅಟೆಂಡರ್ ಉಸಿರಿನ ಚೀಲ ಹಿಂಡುತ್ತಿದ್ದ. ಹೊಸದಾಗಿ ಸೇರಿದ ನರ್ಸ್ ಕೈಯಲ್ಲಿ ನರ ಹುಡುಕುತ್ತಿದ್ದಳು. ಸೂಜಿಯಕ್ಕ ಮಾತ್ರ ಕಾಲುದೆಸೆಯಲ್ಲಿ, ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರಂತೆ ನಿಂತಿದ್ದಳು. ಎಂಥ ಸಣಕಲು ಕೈಯಲ್ಲೂ ಒಂದೇ ಚುಚ್ಚಿಗೆ ನರ ಹಿಡಿಯುವ ನರ್ಸ್ ಎಂದೇ ಅವಳಿಗೆ ಆ ಹೆಸರು. ಅಂಥವಳು ಹೀಗೆ ನಿಂತರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಇದೆಲ್ಲ ಫೋನಿನ ಪಾಠದ ಕರಾಮತ್ತು. ತುರ್ತು ಚಿಕಿತ್ಸೆಯ ನರ್ಸುಗಳಿಗೂ ಡಾಕ್ಟರುಗಳಿಗೂ ಪುಕ್ಕಟೆಯಾಗಿ ಕಲಿಸುವ ಆನ್‌ಲೈನ್ ತರಗತಿಯನ್ನು ಸೂಜಿಯಕ್ಕ ಏಳು ವಾರ ಬಸ್ಸಿನಲ್ಲೂ ಒಲೆ ಮುಂದೆಯೂ ಕೇಳಿ ಮುಗಿಸಿದ್ದಳು. ಒಬ್ಬರು ಕಾಲುದೆಸೆಯಲ್ಲಿ ನಿಂತು ರೋಗಿಯನ್ನೂ ಗಡಿಯಾರವನ್ನೂ ನೋಡುತ್ತ ಉಳಿದವರಿಗೆ ಹೇಳಬೇಕು, ತಾವು ಏನನ್ನೂ ಮುಟ್ಟಕೂಡದು, ಮುಟ್ಟಿದರೆ ಕಣ್ಣು ಆ ಕೈಯ ಹಿಂದೆಯೇ ಹೋಗಿಬಿಡುತ್ತದೆ ಎಂದು ಅದರಲ್ಲಿ ಕಲಿಸಿದ್ದರು. ಇಪ್ಪತ್ತು ವರ್ಷ ಎಲ್ಲವನ್ನೂ ತಾವೇ ಮಾಡಿ ಅಭ್ಯಾಸವಾಗಿದ್ದ ದೊಡ್ಡ ಡಾಕ್ಟರು ಕೇಳಿ ನಕ್ಕುಬಿಟ್ಟಿದ್ದರು. ಆದರೆ ಈ ವರ್ಷ ಹೃದಯ ನಿಂತು ಬಂದವರಲ್ಲಿ ಒಬ್ಬರೂ ಉಳಿದಿರಲಿಲ್ಲ, ಅದೂ ಅವರಿಗೆ ಚುಚ್ಚುತ್ತಿತ್ತು. “ಆಯ್ತಮ್ಮ, ಒಂದೇ ಒಂದು ಸಲ ನಿನ್ನ ಪಾಠದಂತೆ ಮಾಡೋಣ. ಆಗ್ಲಿಲ್ಲ ಅಂದ್ರೆ ಮತ್ತೆ ಆ ಮಾತೆತ್ತಬೇಡ” ಎಂದಿದ್ದರು. ಆ ಒಂದು ಸಲ ಬಂದದ್ದು ಈ ದರ್ಜಿಯ ಪಾಲಿಗೆ.

“ಅಕ್ಕಾ, ನರ ಸಿಗ್ತಿಲ್ಲ!” ಎಂದಳು ಹೊಸ ನರ್ಸ್.

ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು, ಸೂಜಿಯಕ್ಕ ಕಣ್ಣು ಮುಚ್ಚಿಕೊಂಡೇ ಚುಚ್ಚಿಬಿಡುತ್ತಿದ್ದಳು. ಅಯ್ಯೋ, ಹೋಗಬಾರದೇ! ಹೋಗಲಿಲ್ಲ ಪುಣ್ಯಾತ್ಗಿತ್ತಿ.

“ಮೊಣಕೈ ಮಡಚೋ ಕಡೆ ನೋಡು, ದಪ್ಪ ನರ ಇದೆ. ನಿನ್ ಕೈಲಾಗುತ್ತೆ. ಸರ್, ಎರಡು ನಿಮಿಷ ಆಯ್ತು, ನೀವು ಒತ್ತೋದು ಆಳಕ್ಕೆ ಇಳೀತಿಲ್ಲ. ಸುಸ್ತಾಗಿದ್ದೀರಿ. ಅಟೆಂಡರಣ್ಣಾ, ನೀವು ಒತ್ತಿ. ಸರ್ ಚೀಲ ಹಿಡೀತಾರೆ.”

“ನಾನಾ? ಸುಸ್ತಾ?”

“ಹೌದು ಸರ್. ಬೇಗ.”

ಆ ಕೊಠಡಿಯಲ್ಲಿ ದೊಡ್ಡ ಡಾಕ್ಟರಿಗೆ ಹೀಗೆ ಹೇಳಿದವರೇ ಇಲ್ಲ. ಮುಖ ಕೆಂಪಗಾಯಿತು, ಆದರೂ ಪಕ್ಕಕ್ಕೆ ಸರಿದು ಚೀಲ ಹಿಡಿದರು. ಅಟೆಂಡರನ ದಣಿಯದ ತೋಳು ಎದೆಯ ಮೇಲೆ ಸರಿಯಾಗಿ ಇಳಿಯತೊಡಗಿತು.

“ಸಿಕ್ತು ಅಕ್ಕಾ!” ಔಷಧ ಒಳಹೋಯಿತು. “ಎಲ್ಲರೂ ಕೈ ತೆಗೀರಿ” ಎಂದಳು ಸೂಜಿಯಕ್ಕ. ಶಾಕ್ ಕೊಟ್ಟರು, ಮತ್ತೆ ಒತ್ತಿದರು. ಎರಡು ನಿಮಿಷಕ್ಕೊಮ್ಮೆ ಅವಳು ಹೇಳಿದ ಹಾಗೆ ಒತ್ತುವ ಕೈ ಬದಲಾಯಿತು. ನಾಲ್ಕನೇ ಸುತ್ತಿಗೆ ಮಾನಿಟರಿನ ಮೇಲೆ ಚೆಲ್ಲಾಪಿಲ್ಲಿಯಾಗಿದ್ದ ಗೆರೆ ಸಾಲು ಹಿಡಿಯಿತು. ದೊಡ್ಡ ಡಾಕ್ಟರು ದರ್ಜಿಯ ಕುತ್ತಿಗೆಗೆ ಬೆರಳಿಟ್ಟರು.

“ಬಂತಮ್ಮಾ! ನಾಡಿ ಬಂತು!” ಸೂರು ಹಾರಿಹೋಗುವಂತೆ ಅವರು ಕೂಗಿದರು. ಹೊಸ ನರ್ಸ್ ಕುಣಿದೇಬಿಟ್ಟಳು. ಅಟೆಂಡರ್ ಗೋಡೆಗೊರಗಿ ಮಗುವಿನಂತೆ ಅತ್ತ.

ತಂಗಿ ಓಡಿಬಂದು ಡಾಕ್ಟರ ಕೈ ಹಿಡಿದುಕೊಂಡಳು. “ನೀವು ದೇವ್ರಂಥೋರು. ಆದ್ರೆ ಈಯಮ್ಮನ ಮೇಲೆ ದೂರು ಕೊಡ್ತೀನಿ. ಒಂದು ಕೈ ಹಾಕಿದ್ರೆ ಇವಳ ಗಂಟೇನು ಹೋಗ್ತಿತ್ತು?”

“ಧಾರಾಳವಾಗಿ ಕೊಡಿ” ಎಂದು ಡಾಕ್ಟರು ಬೆವರು ಒರೆಸಿಕೊಂಡರು. “ಜೊತೆಗೆ ಇದನ್ನೂ ಬರೀರಿ. ನನ್ನನ್ನ ನಿಮ್ಮಣ್ಣನ ಎದೆ ಮೇಲಿಂದ ಎಬ್ಬಿಸಿದ್ದೂ ಇವಳೇ. ಎಬ್ಬಿಸದೇ ಇದ್ದಿದ್ರೆ ಆತ ಉಳೀತಿರಲಿಲ್ಲ. ನಾನು ಸುಸ್ತಾಗಿದ್ದು ನನಗೇ ಗೊತ್ತಾಗ್ತಾ ಇರಲಿಲ್ಲ.”

ತಂಗಿ ತಬ್ಬಿಬ್ಬಾಗಿ ತಿರುಗಿದಳು. ಸೂಜಿಯಕ್ಕ ಆಗಷ್ಟೇ ಕೈಗಳನ್ನು ಮುಂದಕ್ಕೆ ತಂದು ಸಮಯ ಬರೆಯಲು ಪೆನ್ನು ಎತ್ತಿಕೊಳ್ಳುತ್ತಿದ್ದಳು. ಎರಡೂ ಅಂಗೈಗಳಲ್ಲಿ ನಾಲ್ಕು ನಾಲ್ಕು ಉಗುರು ಆಳವಾಗಿ ಕಚ್ಚಿದ ಗುರುತು, ಒಂದೆರಡರಲ್ಲಿ ರಕ್ತ.

“ಇದೇನಮ್ಮಾ ಇದು?” ಎಂದಳು ತಂಗಿ.

ಸೂಜಿಯಕ್ಕ ಅಂಗೈ ನೋಡಿಕೊಂಡು ನಕ್ಕಳು. “ಸುಮ್ನೆ ನಿಂತಿದ್ನಲ್ಲ, ಅದರದ್ದು.”