ಐದನೆಯವಳು

ಮಗಳು ನೀಲಾಂಬಿಕೆ ಇನ್ನಿಲ್ಲವೆಂದು ನನಗೆ ತಿಳಿದದ್ದು ಅಂಚೆ ಕಚೇರಿಯ ಗೋಡೆಯ ಮೇಲೆ ಅವಳ ನೆರಳನ್ನು ಕಂಡ ದಿನ. ಗುಂಡಿಗೆ ಬಲಿಯಾದವರ ನೆರಳು, ಕೊಂದವರು ಒಪ್ಪಿಕೊಳ್ಳುವವರೆಗೂ ಬಿದ್ದ ಜಾಗ ಬಿಟ್ಟು ಹೋಗುವುದಿಲ್ಲ. ತುರ್ತು ಕಾಯಿದೆ ಬಂದ ಮೇಲೆ ಸೈನಿಕರು ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಹಾಗಾಗಿ ನಮ್ಮೂರಿನಲ್ಲಿ ಬಣ್ಣ ಬಳಿಯುವವರು ನೆರಳುಗಳ ಅಂಚು ಬಿಟ್ಟು ಬಳಿಯುವುದನ್ನು ಕಲಿತಿದ್ದಾರೆ.

ಅಲ್ಲಿ ಯಾರೂ ಸತ್ತೇ ಇಲ್ಲವೆಂದು ಸೇನಾ ಶಿಬಿರದವರು ನನಗೆ ಬರೆದು ತಿಳಿಸಿದರು. ಕಾಯಿದೆ ರದ್ದಾಗಲೆಂದು ನಾವು ಪ್ರತಿ ಸೋಮವಾರ ಪೂಜೆ ಮುಗಿಸಿ ಆ ಗೋಡೆಯ ಬುಡದಲ್ಲಿ ಮೌನವಾಗಿ ಕೂರುತ್ತೇವೆ. ಐವರು ಸೇರಿದರೆ ಅಪರಾಧವಾದ್ದರಿಂದ ನಾಲ್ವರೇ ಕೂರುತ್ತೇವೆ.

ಈ ಸೋಮವಾರ ಸೇನಾ ಶಿಬಿರದ ಹೊಸ ಹವಾಲ್ದಾರನೊಬ್ಬ ಬಂದು ಎಣಿಸಿದ.

"ಐದು ಮಂದಿ ಅದೀರಿ. ಒಬ್ರು ಏಳ್ರಿ."

"ನಾಕ ಮಂದಿ ಅದೀವಲ್ಲೋ ತಮ್ಮಾ, ಈ ವಯಸ್ಸಿಗೇ ಕಣ್ಣಿಗೆ ಪೊರಿ ಬಂತೇನು?" ಎಂದಳು ಪಕ್ಕದ ಮನೆಯ ಕಾಶವ್ವ.

"ಗ್ವಾಡಿ ಮ್ಯಾಲಿನಾಕಿನ್ನ ಯಾರು ಎಣಿಸ್ಬೇಕು?" ಎಂದು ಹವಾಲ್ದಾರ ನೆರಳಿನತ್ತ ಬೆರಳು ತೋರಿಸಿದ.

ನಾನು ಕೈಮುಗಿದೆ. "ಐದಂತನ ಬರಕೊಳ್ಳಪಾ. ಎಲ್ಲಾರ ಮ್ಯಾಲೂ ಕೇಸ್ ಹಾಕು. ಆಕಿ ಹೆಸರು ನೀಲಾಂಬಿಕೆ."

"ಜೇಲಾಗ್ತದ, ಅಜ್ಜಾರ."

"ಆಗ್ಲಿ."

ಅವನು ಐದೂ ಹೆಸರು ಬರೆದು, ರುಜು ಮಾಡಿ, ನಿಯಮದಂತೆ ಒಂದು ಪ್ರತಿಯನ್ನು ನನಗೆ ಕೊಟ್ಟ. ಅವಳು ಅಲ್ಲಿದ್ದಳೆಂದು ಸೇನೆಯವರು ಬರೆದುಕೊಟ್ಟ ಮೊದಲ ಕಾಗದ ಅದು. ನಾನು ಜೀಪು ಹತ್ತುವಾಗ ನೋಡಿದರೆ, ನೆರಳು ತುಸು ತಿಳಿಯಾಗಿ ಅದರ ಹಿಂದಿನ ಸುಣ್ಣ ಕಾಣುತ್ತಿತ್ತು.

ಶಿವನೇ, ಕಾಯಿದೆ ಹೋಗುವವರೆಗೆ ಕೂರುವ ಕೆಲಸ ನಮ್ಮದು. ನನ್ನ ಮಗಳನ್ನು ನಿನ್ನ ಬಳಿಗೆ ಕರೆದುಕೊಂಡು ಅವಳ ಆತ್ಮಕ್ಕೆ ಶಾಂತಿ ಕೊಡು.